ಹನ್ನೆರಡನೆಯ ಹೊಲದ ಮೂಸುಗುಂಡುಗಳು

ಕರಿದಿಬ್ಬ, ಫೆಬ್ರವರಿ 30, 2219

ಪ್ರೀತಿಯ ಪೂರ್ವಜರೇ,

ತಾರೀಖು ತಪ್ಪಲ್ಲ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ, ನಿಮ್ಮ ಕನ್ನಡ ಕಲಿತದ್ದು ಹಳೆಯ ಪುಸ್ತಕಗಳಿಂದ. ಇಲ್ಲಿ ಹೊಸದಾಗಿ ಮದುವೆಯಾದವರು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಂದು ಪತ್ರ ಕಳಿಸಬಹುದು. ನನ್ನ ಮದುವೆಯಾಗಿ ಹನ್ನೆರಡೇ ದಿನ! ಗಂಡ ನಿಜಗುಣನ ನಗುವನ್ನು ಕುರಿತೇ ಪುಟವೆಲ್ಲ ತುಂಬಿಸಬೇಕೆಂದಿದ್ದೆ. ಆದರೆ ಹೊಲದಾಚೆಯ ದಿಬ್ಬದ ಮರೆಯಲ್ಲಿ ಕುಳಿತು, ಹೊಲದತ್ತ ಇಣುಕುತ್ತಾ ಬರೆಯುತ್ತಿದ್ದೇನೆ.

ನಿಮ್ಮ ಮೊಮ್ಮಕ್ಕಳ ಕಾಲದ ಯುದ್ಧದಲ್ಲಿ ಯಾರೋ ಈ ಹೊಲಗಳಲ್ಲಿ ಸಿಡಿಮದ್ದು ಹೂಳಿ, ಎಲ್ಲಿ ಎಂದು ಬರೆದಿಡದೆ ಹೋದರು. ನಿಜಗುಣ ಅದನ್ನು ಮೂಸುಗುಂಡಿನಿಂದ ಹುಡುಕುತ್ತಾರೆ. ದೂರದಿಂದ ದೊಡ್ಡ ಕೋವಿಯಲ್ಲಿ ಹಾರಿಸಿದ ಈ ಗುಂಡು ಮೊಳೆಯಂತೆ ನೆಲಕ್ಕೆ ನಾಟಿ, ಸುತ್ತಲಿನ ಮಣ್ಣನ್ನು ಮೂಸುತ್ತದೆ. ಮದ್ದಿನ ವಾಸನೆ ಬಡಿದರೆ ಬಾಲದ ದೀಪ ಕೆಂಪು, ಇಲ್ಲದಿದ್ದರೆ ಹಸಿರು. ಹೊಲಕ್ಕೆ ಮೂವತ್ತು ಗುಂಡು. ಎಲ್ಲವೂ ಹಸಿರಾದರೆ, ಹಾರಿಸಿದವನೇ ಹೆಂಡತಿಯ ಜೊತೆ ಬರಿಗಾಲಲ್ಲಿ ಮೊದಲು ನಡೆಯಬೇಕು, ಹಿಂದೆ ಕುಂಭ ಹೊತ್ತ ಹೆಂಗಸರು. ಇದು ಹೆಜ್ಜೆ ಶಾಸ್ತ್ರ. ಇದಾಗದೆ ಯಾರೂ ನೇಗಿಲು ಹೂಡುವುದಿಲ್ಲ.

ಇವತ್ತು ನಮ್ಮ ಸರದಿ. ಊರಿನ ಈ ಹನ್ನೆರಡನೆಯ ಹೊಲ ನಿಜಗುಣ ಒಬ್ಬರೇ ಮುಗಿಸಿದ ಮೊದಲನೆಯದು, ನಿನ್ನೆ ಪೂರ್ತಿ ಹಸಿರಾಗಿತ್ತು. ಬೆಳಿಗ್ಗೆ ಪೂಜೆಗೆಂದು ಕೋವಿಯ ಮೇಲಿನ ಹಳೆಯ ವಿಭೂತಿ ಒರೆಸಿದೆ. ಗುಂಡಿನ ಮೂಗು ಎಷ್ಟು ಚುರುಕಾಗಿರಬೇಕೆಂದು ಗೊತ್ತುಮಾಡುವ ಮುಳ್ಳು ಕಂಡಿತು. ಐದರಲ್ಲಿರಬೇಕಿತ್ತು, ಎರಡರಲ್ಲಿತ್ತು.

ಮದುವೆಯ ದಿನ ಗೆಳೆಯರು ಕೋವಿಯ ಪಕ್ಕದಲ್ಲೇ ಪಟಾಕಿ ಹಚ್ಚಿದ್ದರು. ಆ ಹೊಗೆ ಕುಡಿದ ಗುಂಡುಗಳು ಮರುದಿನ ಬರೀ ಬಂಡೆಗೂ ಕೆಂಪಾದವು. ಬೇಸತ್ತ ನಿಜಗುಣ ಮುಳ್ಳನ್ನು ಎರಡಕ್ಕಿಳಿಸಿ ಮೂಗು ಮಂದ ಮಾಡಿದರು. ಅತ್ತೆ ಗುರುಬಸಮ್ಮ ಆ ಮುಳ್ಳಿನ ಮೇಲೆಯೇ ಭಕ್ತಿಯಿಂದ ವಿಭೂತಿ ಬಳಿದರು. ಹೊಸ ಪೆಟ್ಟಿಗೆಯ ಗುಂಡು ಬಂದಾಗ ಮುಳ್ಳನ್ನು ಯಾರೂ ನೋಡಲಿಲ್ಲ. ನಿನ್ನೆಯ ಹಸಿರೆಲ್ಲ ಆ ಮಂದ ಮೂಗಿನದು.

ಇಡೀ ಊರು ಬದುವಿನ ಮೇಲೆ ನಿಂತಿತ್ತು. ನಿಜಗುಣನ ಕಿವಿಯಲ್ಲಿ ಹೇಳಿದೆ. ಮುಖ ಬಿಳಿಚಿತು. ಶಾಸ್ತ್ರ ನಿಂತರೆ ಮಂದಿ ಏನಂದಾರು ಎಂದು ಅತ್ತೆ ಮಗನ ತೋಳು ಜಗ್ಗಿದರು. ನಿಜಗುಣ ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು.

“ಅನ್ನಲಿ ಬಿಡ ಯವ್ವಾ. ಅನ್ನಾಕ ಮಂದಿ ಉಳೀಬೇಕಲ್ಲ.”

ಎಲ್ಲರನ್ನೂ ದಿಬ್ಬದ ಹಿಂದಕ್ಕೆ ಕಳಿಸಿ, ಮುಳ್ಳನ್ನು ಐದಕ್ಕೆ ತಿರುಗಿಸಿ, ಈಗ ಮತ್ತೆ ಹಾರಿಸುತ್ತಿದ್ದಾರೆ. ಪ್ರತಿ ಸದ್ದಿಗೂ ನನ್ನ ಪೆನ್ನು ಹಾರುತ್ತದೆ. ಹತ್ತು ಗುಂಡು, ಹತ್ತೂ ಹಸಿರು. ಹೆಂಗಸರು ನಗತೊಡಗಿದ್ದಾರೆ. ಹೊಸ ಸೊಸೆಗೆ ಕಾಲ್ಗೆಜ್ಜೆ ಮಣ್ಣಾಗುವ ಚಿಂತೆಯಂತೆ. ಗಂಡನ ಮೊದಲ ಹೊಲವನ್ನು ನಾನೇ ಕೆಡಿಸಿದೆನೇ?

ಹನ್ನೊಂದು.

ಕೆಂಪು. ನಾವು ಹೊಲಕ್ಕೆ ಇಳಿಯಬೇಕಿದ್ದ ಜಾಗದಿಂದ ಎಂಟೇ ಹೆಜ್ಜೆ. ನಗು ನಿಂತಿದೆ. ಅತ್ತೆ ಕುಂಭ ಕೆಳಗಿಟ್ಟು ನನ್ನ ಎಡಗೈ ಹಿಡಿದಿದ್ದಾರೆ, ಬಿಡುತ್ತಿಲ್ಲ.

ನಿಮ್ಮ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿ, ಈ ಮಣ್ಣಿನಲ್ಲಿ ಬೀಜವಲ್ಲದ್ದನ್ನು ಹೂಳುವುದು ಬೇಡ. ಹೂಳಿಯೇ ತೀರುತ್ತಾರಾದರೆ, ಎಲ್ಲಿ ಎಂದು ಒಂದು ಸಾಲು ಬರೆದಿಡಲಿ. ಇನ್ನೂ ಹತ್ತೊಂಬತ್ತು ಗುಂಡು ಉಳಿದಿವೆ. ನನ್ನ ಚಪ್ಪಲಿ ಎಲ್ಲಿಟ್ಟೆನೋ, ಹುಡುಕಬೇಕು.

ನಿಮ್ಮ ಸೊಸೆ,
ಇಂಚರ