ಹೊಸ ಸಿಸ್ಟಮ್, ಹಳೇ ವೈರಸ್

ರಕ್ತನಿಧಿಯ ಹಿಂದಿನ ಬೀದಿ ಮನೆಯಿಂದ,
ಹನ್ನೊಂದನೇ ತಾರೀಕು, ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಮಸ್ಕಾರ. ಮಣಿಕಟ್ಟಿನ ನೋವು ಹೇಗಿದೆ? ಗೋದಾಮಿನಲ್ಲಿ ದಿನವಿಡೀ ನಿಂತೇ ಚೀಟಿ ಬರೀಬೇಕು ಅಂತ ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ಅಮ್ಮ "ಬಿಸಿನೀರಲ್ಲಿ ಕೈ ಇಡ್ತಾಳೋ ಇಲ್ವೋ" ಅಂತ ದಿನಕ್ಕೆ ಮೂರು ಸಲ ನನ್ನನ್ನು ಕೇಳ್ತಾಳೆ, ನಾನೇನೋ ನಿನ್ನ ಪಕ್ಕದಲ್ಲೇ ಕೂತಿರೋ ಹಾಗೆ. ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೀನಿ, ಆದರೆ ಮೈಯೆಲ್ಲ ಉರೀತಿದೆ. ಯಾಕೆ ಅಂತ ಪೂರ್ತಿ ಓದು, ಮಧ್ಯದಲ್ಲಿ ಎದ್ದು ಹೋಗಬೇಡ.

ಆರು ವರ್ಷ ರಕ್ತನಿಧಿಯ ಆ ಮೂಲೆ ಕೋಣೆಯಲ್ಲಿ ಕೂತು ದಾನಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದವಳು ನೀನು. ಅದು ಕೆಟ್ಟು ಕೂತ ದಿನ "ಮನೆಯಿಂದ ಫ್ಲಾಪಿ ತಂದು ವೈರಸ್ ಅಂಟಿಸಿದ್ದಾಳೆ" ಅಂತ ಫೈಲಿನಲ್ಲಿ ಬರೆದು ನಿನ್ನನ್ನು ಮನೆಗೆ ಕಳಿಸಿದರು. ಹಾಗಂತ ದೊಡ್ಡ ಡಾಕ್ಟರ ಕಿವಿ ಊದಿದ್ದು ಯಾರು? ಕಂಪ್ಯೂಟರ್ ರಿಪೇರಿಯವನು, ನೀನೇ ಹೆಸರಿಟ್ಟ ಎಲ್ಲಾಗೊತ್ತಪ್ಪ. "ಹಳೇ ಆಪರೇಟಿಂಗ್ ಸಿಸ್ಟಮ್ ಕಿತ್ತು ಬೇರೇದೇ ಹಾಕಿದ್ದೀನಿ ಸಾರ್, ವೈರಸ್ ಕಥೆ ಮುಗೀತು" ಅಂದ. ದೊಡ್ಡ ಡಾಕ್ಟರು ತಲೆಯಾಡಿಸಿದರು. ನಿನ್ನ ಜಾಗಕ್ಕೆ ನನ್ನನ್ನು ಕರೆದಾಗ ಹೋಗಲ್ಲ ಅಂತ ಅತ್ತೆ. "ಹೋಗೇ, ಕುರ್ಚಿ ಏನು ತಪ್ಪು ಮಾಡಿದೆ" ಅಂದವಳೂ ನೀನೇ. ಮೂರು ತಿಂಗಳಿಂದ ಅದರಲ್ಲಿ ಕೂತು ನನ್ನನ್ನು ನಾನೇ ಎಷ್ಟು ಬೈದುಕೊಂಡಿದ್ದೀನೋ.

ಹೋದ ತಿಂಗಳು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ, ಹೆರಿಗೆ ವಾರ್ಡಿನ ನರ್ಸು ಓಡಿಬಂದಳು. ಬಾಣಂತಿಗೆ ರಕ್ತ ನಿಲ್ತಿಲ್ಲ, ಓ ನೆಗೆಟಿವ್ ಬೇಕು, ಫ್ರಿಜ್ಜಿನಲ್ಲಿ ಒಂದು ಬಾಟಲೂ ಇಲ್ಲ. ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆ, ಮಿಣಮಿಣ ಅನ್ನೋ ಒಂದು ಗೆರೆ, ಅಷ್ಟೇ. ಆರಿಸಿದೆ, ಹಾಕಿದೆ, ಮತ್ತೆ ಅದೇ. ಆ ಹೆಂಗಸಿನ ಗಂಡ ಚೀಟಿ ಹಿಡಿದು ಕಿಟಕಿಯಲ್ಲಿ ನಿಂತಿದ್ದಾನೆ. ಬೈದಿದ್ದರೂ ತಡೀತಿದ್ದೆ ಅಕ್ಕಾ. ಕೊನೆಗೆ ಬೀರುವಿನ ತಳದಿಂದ, ನೀನು ಕೈಯಲ್ಲಿ ಬರೆದಿಟ್ಟಿದ್ದ ದಾನಿಗಳ ಕಾರ್ಡುಗಳ ತಗಡಿನ ಡಬ್ಬಿ ಎಳೆದೆ. "ಕಂಪ್ಯೂಟರ್ ಬಂದಮೇಲೆ ಈ ಕಸ ಯಾಕೆ" ಅಂತ ದೊಡ್ಡ ಡಾಕ್ಟರು ಬಿಸಾಕೋಕೆ ಹೇಳಿದ್ದರಲ್ಲ, ಅದೇ. ಆ ಗುಂಪಿನವರು ಮೂರೇ ಜನ. ಒಬ್ಬರು ಊರು ಬಿಟ್ಟಿದ್ದರು, ಇನ್ನೊಬ್ಬರಿಗೆ ಕಾಮಾಲೆ. ಮೂರನೆಯವನು ಬಸ್ ಡಿಪೋ ಮೆಕ್ಯಾನಿಕ್, ಕೈಗೆ ಮೆತ್ತಿದ ಗ್ರೀಸನ್ನೂ ಒರೆಸದೆ ಬಂದ. ತಾಯಿ ಉಳಿದಳು, ಮಗುವೂ ಚೆನ್ನಾಗಿದೆ. ಇಷ್ಟೆಲ್ಲ ಆದಮೇಲೆ ದೊಡ್ಡ ಡಾಕ್ಟರು ನನ್ನನ್ನು ಕೇಳಿದ ಮೊದಲ ಮಾತು ಏನು ಗೊತ್ತಾ? "ನೀನೂ ಮನೆಯಿಂದ ಫ್ಲಾಪಿ ತಂದ್ಯೇನಮ್ಮ?"

ಎಲ್ಲಾಗೊತ್ತಪ್ಪ ಬಂದ, ಇನ್ನೊಂದು ಹೊಸ ಸಿಸ್ಟಮ್ ಹಾಕಿದ. ಹತ್ತೇ ದಿನಕ್ಕೆ ಮತ್ತೆ ಕಪ್ಪು ಪರದೆ. ಅವತ್ತು ಪುಣ್ಯಕ್ಕೆ ಪಾಲಿಟೆಕ್ನಿಕ್ ಮೇಷ್ಟ್ರು ರಕ್ತ ಕೊಡೋಕೆ ಬಂದಿದ್ದರು. ತೋಳು ಚಾಚಿ ಮಲಗಿದ್ದವರ ಹತ್ತಿರ ಗೋಳು ಹೇಳಿಕೊಂಡೆ. ಅವರು ನಕ್ಕರು. "ಸಿಸ್ಟಮ್ ಬದಲಾಯಿಸಿದರೆ ಹೋಗೇ ಹೋಗುತ್ತೆ ಅಂತ ಯಾರಮ್ಮ ಹೇಳಿದ್ದು?" ಕಂಪ್ಯೂಟರ್ ಶುರುವಾದಾಗ ಡಿಸ್ಕಿನ ಮೊಟ್ಟಮೊದಲ ಚೂರನ್ನು ಓದುತ್ತಂತೆ, ಅದಕ್ಕೆ ಬೂಟ್ ಸೆಕ್ಟರ್ ಅಂತಾರೆ. ಆಪರೇಟಿಂಗ್ ಸಿಸ್ಟಮ್ ಏಳೋದು ಆಮೇಲೆ. ವೈರಸ್ ಕೂತಿರೋದು ಆ ಮೊದಲ ಚೂರಿನಲ್ಲೇ. ಕೆಲವು ಸಿಸ್ಟಮ್‌ಗಳು ಹಾಕುವಾಗ ಅದನ್ನೂ ಹೊಸದಾಗಿ ಬರೀತವೆ, ಆಗ ವೈರಸ್ ಹೋಗಲೂಬಹುದು. ಬರೀದಿದ್ದರೆ ಹೊಸ ಸಿಸ್ಟಮ್ಮಿನ ಬಾಗಿಲಲ್ಲೂ ಅದೇ ಕಾವಲು. ಹೋದರೂ, ಸೋಂಕಿದ ಫ್ಲಾಪಿಯನ್ನು ಒಳಗೇ ಬಿಟ್ಟು ಸ್ವಿಚ್ ಹಾಕಿದರೆ ಸಾಕು, ಮತ್ತೆ ಹಾಜರ್. ಒಂದು ಬಾಟಲ್ ರಕ್ತ ಕೊಟ್ಟ ಮನುಷ್ಯ ಜ್ಯೂಸೂ ಕುಡಿಯದೆ ನನ್ನ ಕೋಣೆಗೆ ಬಂದು ಕೂತರು ಅಕ್ಕಾ.

ಮಾರನೇ ದಿನ ತಮ್ಮದೊಂದು ಶುದ್ಧ ಫ್ಲಾಪಿಯಿಂದ ಕಂಪ್ಯೂಟರ್ ಎಬ್ಬಿಸಿ, ಆ ಮೊದಲ ಚೂರನ್ನು ಹೊಸದಾಗಿ ಬರೆದರು. ಆಮೇಲೆ ಸಿಕ್ಕ ಸಿಕ್ಕ ಫ್ಲಾಪಿಯನ್ನೆಲ್ಲ ಪರೀಕ್ಷೆ ಮಾಡಿದರು. ನಿನ್ನ ಡ್ರಾಯರಿನಲ್ಲಿದ್ದ ಹನ್ನೆರಡೂ ಶುದ್ಧ! ಅದರ ಮೇಲೆ ಹೊಸದಾಗಿ ಏನೂ ಬರೆಯೋಕೆ ಆಗದ ಹಾಗೆ ಒಂದೊಂದರಲ್ಲೂ ನೀನು ಬೀಗದ ಗುಂಡಿ ಸರಿಸಿಟ್ಟಿದ್ದೆಯಂತೆ, ವೈರಸ್ ಹತ್ತೋಕೆ ದಾರಿಯೇ ಇಲ್ಲ. ಹತ್ತಿದ್ದು ಯಾವುದಕ್ಕೆ? ಎಲ್ಲಾಗೊತ್ತಪ್ಪ ಊರೆಲ್ಲ ಹೊತ್ತು ತಿರುಗೋ ಸರ್ವೀಸ್ ಫ್ಲಾಪಿಗೆ. "ನಿಮ್ಮ ಮಷೀನಿಂದಲೇ ಅಂಟಿರೋದು" ಅಂತ ಅದಕ್ಕೂ ಅವನದೊಂದು ವಾದ. ಅವನು ನೋಡಿಕೊಳ್ಳೋ ಕಣ್ಣಾಸ್ಪತ್ರೆಗೂ ಶಾಲೆಗೂ ನಾನೇ ಫೋನ್ ಮಾಡಿದೆ. ನೀನಿದ್ದಾಗ ನಮ್ಮದು ಮೊದಲ ಸಲ ಕೆಡೋಕೆ ಒಂದು ತಿಂಗಳ ಮುಂಚೆಯೇ ಅಲ್ಲಿ ಇದೇ ಕಪ್ಪು ಪರದೆ! ತಾರೀಕು ಸಮೇತ ಬರೆದುಕೊಂಡು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟೆ. ಎಲ್ಲಾಗೊತ್ತಪ್ಪ ಶೂ ನೋಡಿಕೊಂಡು ನಿಂತ. ದೊಡ್ಡ ಡಾಕ್ಟರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು, "ಆಗಿದ್ದು ಆಯ್ತು" ಅಂದರು. ಏನು ಆಯ್ತು? ನೀನು ತಲೆ ತಗ್ಗಿಸಿಕೊಂಡು ಪೆಟ್ಟಿಗೆ ಹಿಡಿದು ಬಸ್ ಹತ್ತಿದ್ದು ಅವರ ಲೆಕ್ಕದಲ್ಲಿ ಬರೀ "ಆಯ್ತು"!

ಸಾಕು, ಇನ್ನೂ ಬರೆದರೆ ಪೆನ್ನು ಹಾಳೆಯನ್ನೇ ಹರಿಯುತ್ತೆ. ಅಮ್ಮನ ಆಶೀರ್ವಾದ ಇದೆ, ಜೊತೆಗೆ ಬಿಸಿನೀರಿನ ಆಜ್ಞೆಯೂ.

ನಿನ್ನ ಬಾಯಿಬಡುಕಿ ತಂಗಿ

ಲಕೋಟೆ ಅಂಟಿಸೋ ಮುಂಚೆ ಇದೊಂದು: ನಿನ್ನನ್ನು ವಾಪಸ್ ಕರೆಯೋ ಆದೇಶ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರುತ್ತೆ. ನಿನ್ನೆ ಟೈಪ್ ಮಾಡೋಕೆ ದೊಡ್ಡ ಡಾಕ್ಟರು ನನಗೇ ಕೊಟ್ಟಿದ್ದರು. ಮೂರನೇ ಸಾಲಿನಲ್ಲಿ "ಸದರಿಯವರ ತಪ್ಪನ್ನು ಮನ್ನಿಸಲಾಗಿದೆ" ಅಂತಿತ್ತು. ಯಾವ ತಪ್ಪು ಸಾರ್ ಅಂದೆ. "ಅದು ಬರೀ ಪದ್ಧತಿ ಕಣಮ್ಮ, ಟೈಪ್ ಮಾಡು" ಅಂದರು. ಮಾಡಲಿಲ್ಲ. ಹಾಳೆಯನ್ನು ಅಲ್ಲೇ ಇಟ್ಟು ಎದ್ದು ಬಂದೆ, ಇವತ್ತೂ ಹೋಗಿಲ್ಲ. ಅಮ್ಮನಿಗೆ ರಜ ಅಂದಿದ್ದೀನಿ, ನೀನು ಬಾಯಿ ಬಿಡಬೇಡ. ಬೇರೆ ಯಾರ ಕೈಲೋ ಟೈಪ್ ಮಾಡಿಸಿ ಕಳಿಸಿರ್ತಾರೆ. ವಾಪಸ್ ಬರೋದು ಬಿಡೋದು ನಿನ್ನಿಷ್ಟ. ಆದರೆ ಆ ಸಾಲು ಹೊಡೆದು ಹಾಕದೆ ಸಹಿ ಮಾತ್ರ ಹಾಕಬೇಡ.