ಹಿಂದಿನ ಎಡಬಾಗಿಲಿನ ಗಾಜು

ರಂಗಂಪೇಟೆ, ಸುರಪುರ
೨೨ ನವೆಂಬರ್ ೨೦೦೯, ಭಾನುವಾರ

ಪ್ರೀತಿಯ ನಮ್ಮವರಿಗೆ ದೇವಕಮ್ಮ ಮಾಡುವ ನಮಸ್ಕಾರ.

ಆರೋಗ್ಯ ಹೇಗಿದೆ? ಅಸ್ಸಾಮಿನ ಗಡಿಯಲ್ಲಿ ಈಗ ಚಳಿ ಶುರುವಾಗಿರಬೇಕು. ಕಾವಲಿಗೆ ನಿಂತಾಗ ಕಿವಿ ಮುಚ್ಚಿಕೊಳ್ಳಿ, ಕೆಮ್ಮು ಬಂದರೆ ತಾನೇ ಹೋಗುತ್ತದೆಂದು ಸುಮ್ಮನಿರಬೇಡಿ. ನಿಮ್ಮ ಕ್ಯಾಂಪಿನಲ್ಲಿ ಫೋನು ಸಿಗುವುದಿಲ್ಲವಾದ್ದರಿಂದ ಎಲ್ಲವನ್ನೂ ಬರೆದೇ ತಿಳಿಸಬೇಕಾಗಿದೆ. ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿಯಾಯಿತು. ಗಾಬರಿಯಾಗಬೇಡಿ, ಎಲ್ಲ ಸುಸೂತ್ರವಾಗಿ ಮುಗಿದಿದೆ. ನಿಜ ಹೇಳಬೇಕೆಂದರೆ ಆಪರೇಷನ್ನಿಗಿಂತ ನಮ್ಮ ಕಾರಿನ ಕಿಟಕಿಯೇ ನನ್ನನ್ನು ಹೆಚ್ಚು ಹೆದರಿಸಿತು.

ಯಾದಗಿರಿಯ ಡಾಕ್ಟರು ಮಂಗಳವಾರ ಬರಲು ಹೇಳಿದ್ದರು. ಮರಳಿ ಬರುವಾಗ ಕಣ್ಣಿಗೆ ಧೂಳು ತಾಗಲೇಬಾರದು, ಬಸ್ಸಿನ ನೂಕುನುಗ್ಗಲಂತೂ ಬೇಡವೇ ಬೇಡ ಎಂದು ಎಚ್ಚರಿಸಿದ್ದರು. ಕಳೆದ ರಜೆಯಲ್ಲಿ ಕಾಲುವೆ ದಂಡೆಯ ರಸ್ತೆಯ ಮೇಲೆ ನೀವು ಡ್ರೈವಿಂಗ್ ಕಲಿಸಿದ್ದಿರಲ್ಲ, ಆ ಧೈರ್ಯದ ಮೇಲೆ ನಾನೇ ಕರೆದೊಯ್ಯುವುದೆಂದು ತೀರ್ಮಾನಿಸಿದೆ. (ಲೈಸೆನ್ಸ್ ಬಂದಿದೆ. ಅದರ ಫೋಟೋದಲ್ಲಿ ನಾನು ಯಾರನ್ನೋ ಬೈಯುತ್ತಿರುವಂತೆ ಕಾಣುತ್ತೇನೆ.) ಹೋದ ಭಾನುವಾರ ಕಾರು ತೊಳೆದು ನೋಡಿದರೆ, ಹಿಂದಿನ ಎಡಬಾಗಿಲಿನ ಗಾಜು ಇಳಿದದ್ದು ಮೇಲೆ ಬರಲೊಲ್ಲದು. ಆ ಬಾಗಿಲಿನ ಸ್ವಿಚ್ಚು ಒತ್ತಿದರೂ ಇಲ್ಲ, ನನ್ನ ಸೀಟಿನ ಬಳಿಯದನ್ನು ಒತ್ತಿದರೂ ಇಲ್ಲ. ಪ್ಲಾಸ್ಟಿಕ್ ಹಾಳೆ ಅಂಟಿಸಿ ಬೋನಾಳದ ಕಡೆಗೆ ಒಂದು ಸುತ್ತು ಹೋಗಿ ಬಂದೆವು. ಅದು ದಾರಿಯುದ್ದಕ್ಕೂ ಪಟಪಟ ಬಡಿದುಕೊಂಡು, ಊರು ಸೇರುವ ಮೊದಲೇ ಕಿತ್ತು ಹಾರಿಹೋಯಿತು. ಅತ್ತೆ ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ, "ಇದಕ್ಕಿಂತ ಬಂಡಿ ಚಲೋ ಇತ್ತು ಬಿಡವಾ," ಎಂದರು.

ಸೋಮವಾರ ಅರ್ಧ ದಿನ ಶಾಲೆಗೆ ರಜೆ ಹಾಕಿ, ಸುರಪುರದ ಬಸ್ ನಿಲ್ದಾಣದ ಹಿಂದೆ ಗಾಡಿಗಳ ವೈರಿಂಗ್ ಕೆಲಸ ಮಾಡುವ ಜಲಾಲುದ್ದೀನನ ಬಳಿಗೆ ಹೋದೆ. ಮನೆಯಲ್ಲಿರಿ ಎಂದರೂ ಕೇಳದೆ ಅತ್ತೆಯೂ ಹಿಂದಿನ ಸೀಟಿನಲ್ಲಿ ಕುಳಿತು ಬಂದರು. ಅವನು ಮೊದಲು ಫ್ಯೂಸ್ ನೋಡಿದ, ಸರಿಯಾಗಿತ್ತು. ಆಮೇಲೆ ಬಾಗಿಲಿಗೆ ಕಿವಿ ಹಚ್ಚಿ, ನನಗೆ ಸ್ವಿಚ್ಚು ಒತ್ತಲು ಹೇಳಿದ. "ಗುಂಯ್ ಅಂದಿದ್ರ ಮೋಟಾರ್ ತಿರಗಾಕತ್ತೈತಿ, ಗಾಜು ಎಳಿಯೋ ತಂತಿ ಹರದೈತಿ ಅನ್ನಬಹುದಿತ್ರಿ. ಇದು ಉಸುರೇ ಬಿಡವಲ್ದು," ಎಂದ. ಬಾಗಿಲಿನ ಒಳಹಲಗೆ ಬಿಚ್ಚಿ, ಒಳಗೆ ಬಾಗಿಲು ಹಾಕಿಕೊಂಡು ಕುಳಿತು, ಇನ್ನೊಂದು ಬಾಗಿಲಿನ ಸ್ವಿಚ್ಚು ತಂದು ಹಾಕಿದ. ಊಹೂಂ. ಕೊನೆಗೆ ಬ್ಯಾಟರಿಯಿಂದ ನೇರವಾಗಿ ಮೋಟಾರಿಗೆ ವೈರು ಕೊಟ್ಟಾಗ ಗಾಜು ಸರ್ರನೆ ಮೇಲೇರಿತು. ಅಂದರೆ ಮೋಟಾರೂ ಸರಿ, ಸ್ವಿಚ್ಚೂ ಸರಿ, ಕರೆಂಟು ಮಾತ್ರ ನಡುವೆ ಎಲ್ಲೋ ನಿಂತುಹೋಗುತ್ತಿದೆ. "ಸದ್ಯಕ್ಕ ಹಿಂಗ ಮ್ಯಾಲ ಇಟ್ಟುಬಿಡ್ಲೇನ್ರಿ ಟೀಚರ್?" ಎಂದು ಕೇಳಿದ. ನಾನು ಹೂಂ ಅನ್ನುವಷ್ಟರಲ್ಲಿ ಅತ್ತೆ ತಕರಾರು ತೆಗೆದರು. "ಹೋಗೂಮುಂದ ನನಗ ಗಾಳಿ ಬೇಕೋ ಯಪ್ಪಾ. ಮುಚ್ಚಿದ ಡಬ್ಬ್ಯಾಗ ಕುಂತ್ರ ಶಹಾಪುರ ಮುಟ್ಟೂದರಾಗ ವಾಂತಿ ಆಗ್ತೈತಿ. ಬಲಕ್ಕ ಕುಂತ್ರ ಲಾರಿ ಹೊಗಿ ಮುಖಕ್ಕ ಹೊಡಿತೈತಿ. ಬರೂಮುಂದ ಬೇಕಾದ್ರ ಮುಚ್ಚು." ಅವರ ಹಟ ನಿಮಗೆ ಗೊತ್ತೇ ಇದೆ, ನಿಮಗೂ ಅದೇ ಬಂದಿದೆ.

ಜಲಾಲುದ್ದೀನ ನಗುತ್ತ ಗಾಜನ್ನು ಮತ್ತೆ ಇಳಿಸಿ, ವೈರುಗಳನ್ನು ಮೊದಲಿನಂತೆ ಜೋಡಿಸಿ, ಜೋತಾಡುತ್ತಿದ್ದ ಸ್ವಿಚ್ಚನ್ನು ಅತ್ತೆಯ ಕೈಗಿಟ್ಟ. "ಅಮ್ಮಾ, ಇದನ್ನ ಒತ್ತಿಕೋತ ಕೂಡ್ರಿ, ನಾ ಮುಂದ ನೋಡ್ತೀನಿ," ಎಂದು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಮಧ್ಯಾಹ್ನವಾಗುತ್ತ ಬಂದಿತ್ತು, ಮರುದಿನ ಹೋಗುವುದು ಹೇಗೆಂದು ನನಗೆ ಅಳು ಬರುವಂತಾಗಿತ್ತು. ಅಷ್ಟರಲ್ಲಿ ಕಾಲು ಜೋಮು ಹಿಡಿದು ಅತ್ತೆ ಒಂದು ಕೈಯಿಂದ ಚಿಲಕ ಎಳೆದು, ಬಾಗಿಲನ್ನು ಕಾಲಿನಿಂದಲೇ ನೂಕಿ ತೆರೆದರು. ಬೆರಳು ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು. ಗಾಜು ಮೇಲೇರತೊಡಗಿತು. "ನಾ ಏನೂ ಮಾಡಿಲ್ಲಪ್ಪಾ," ಎಂದು ಅವರು ಸ್ವಿಚ್ಚು ಕೈಬಿಟ್ಟರು. ಜಲಾಲುದ್ದೀನ ಎದ್ದು ಬಂದು ಬಾಗಿಲು ಹಾಕಿ ಒತ್ತಿದ, ಗಾಜು ಅಲುಗಲಿಲ್ಲ. ತೆರೆದು ಒತ್ತಿದ, ಆಡಿತು. ಅವನ ಮುಖ ಅರಳಿತು. ಬಾಗಿಲಿಗೂ ಕಾರಿನ ಮೈಗೂ ನಡುವೆ, ತಿರುಗಣಿಯ ಹತ್ತಿರ, ವೈರುಗಳು ಹಾಯುವ ರಬ್ಬರಿನ ಕೊಳವೆಯೊಂದಿದೆ. ಅದನ್ನು ಸರಿಸಿದರೆ ಒಳಗೆ ಒಂದು ವೈರು ತುಂಡಾಗಿತ್ತು. "ಬಾಗಲಾ ತೆಗೆದು ಹಾಕಿ, ತೆಗೆದು ಹಾಕಿ, ಮಡಚಿದಲ್ಲೇ ಹರದೈತ್ರಿ. ತೆಗೆದಾಗ ತುದಿ ಕೂಡ್ತಾವ, ಹಾಕಿದಾಗ ಅಗಲ್ತಾವ," ಎಂದು ತೋರಿಸಿದ. ಅಲ್ಲಿ ತುಸು ಸಡಿಲವಾಗಿ ಹೊಸ ವೈರು ಸೇರಿಸಿ ಬೆಸುಗೆ ಹಾಕಿದ. ಅತ್ತೆ ಗಾಜನ್ನು ಏರಿಸಿ ಇಳಿಸಿ ಏರಿಸಿ, ಸಾಕು ಬಿಡ್ರಿ ಅನ್ನಿಸಿಕೊಳ್ಳುವವರೆಗೂ ಪರೀಕ್ಷಿಸಿದರು.

ಮಂಗಳವಾರ ಗಾಳಿ ಕುಡಿಯುತ್ತ ಹೋದರು, ವಾಂತಿಯಾಗಲಿಲ್ಲ. ಅಂದೇ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟು ಕಳಿಸಿದರು. ಬರುವಾಗ ನಾಲ್ಕೂ ಗಾಜು ಮುಚ್ಚಿದ್ದೆ. ಮುಂದಿನ ಲಾರಿ ಎಬ್ಬಿಸಿದ ಧೂಳು ಹೊರಗೇ ಉಳಿಯಿತು. ಸಿಗ್ನಲಿನಲ್ಲಿ ನಿಂತಾಗ ಅತ್ತೆ ನನ್ನನ್ನೇ ನೋಡಿ, "ದೇವಕಿ, ನಿನ್ನ ತಲ್ಯಾಗ ಬಿಳಿ ಕೂದಲ ಯಾವಾಗ ಬಂದ್ವು?" ಎಂದು ಕೇಳಿದರು. ಶಹಾಪುರದಲ್ಲಿ ಕಾರು ನಿಲ್ಲಿಸೆಂದರು. ಮಲಗಿದ ಬುದ್ಧನಂತೆ ಕಾಣುವ ಗುಡ್ಡವನ್ನು ಗಾಜಿನೊಳಗಿಂದಲೇ ಬಹಳ ಹೊತ್ತು ನೋಡಿದರು. "ಮೂಗು ಅದು, ಅಲ್ಲೇನು? ಮಂದಿ ತೋರಿಸಿದಾಗೆಲ್ಲಾ ಸುಮ್ಮನ ಹೂಂ ಅಂತಿದ್ದೆ," ಎಂದರು. ಆಮೇಲೆ ಕಾಲುವೆ ಬಂತು, ಹತ್ತಿ ಬಿಡಿಸುವ ಹೆಂಗಸರು ಬಂದರು. ಯಾರ ಸೀರೆ ಯಾವ ಬಣ್ಣವೆಂದು ರಂಗಂಪೇಟೆ ತಲುಪುವವರೆಗೂ ಹೇಳುತ್ತಲೇ ಬಂದರು. ನನಗೆ ರಸ್ತೆ ಸ್ವಲ್ಪ ಮಂಜಾಗಿತ್ತು, ಆದರೂ ಸರಿಯಾಗಿಯೇ ಓಡಿಸಿದೆ.

ಅತ್ತೆ ನಿಮ್ಮ ತಲೆ ನೇವರಿಸಿದ್ದೇನೆಂದು ಬರೆಯಲು ಹೇಳಿದ್ದಾರೆ. ನಿಮ್ಮ ಜೊತೆಯವರಿಗೆಲ್ಲ ನಮ್ಮ ನೆನಪು ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ದೇವಕಮ್ಮ

ತಾ.ಕ.: ಪಕ್ಕದ ಮನೆಯ ಭಾಗಣ್ಣ ಪೇಟೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಕವರು ಅವರ ಕೈಗೇ ಕೊಡಬೇಕು. ಎಡಗಣ್ಣಿನದನ್ನು ಜನವರಿಯಲ್ಲಿ ಮಾಡೋಣವೆಂದು ಡಾಕ್ಟರು ಹೇಳಿದ್ದಾರೆ, ಅತ್ತೆ ಒಪ್ಪುತ್ತಿಲ್ಲ. "ಒಂದು ಕಣ್ಣೀಲೆ ಊರೆಲ್ಲಾ ನೋಡೀನಿ. ಇನ್ನೊಂದರ ಪಟ್ಟಿ ಬಿಚ್ಚೂಮುಂದ ನನ್ನ ಮಗ ತಿಮ್ಮಣ್ಣ ಎದುರಿಗೆ ಕುಂತಿರಬೇಕು. ಅಲ್ಲೀತನ ಪೊರಿ ಇದ್ದಲ್ಲೇ ಇರಲಿ," ಎನ್ನುತ್ತಾರೆ. ರಜೆಗೆ ಇವತ್ತೇ ಅರ್ಜಿ ಹಾಕಿ. ಬನ್ನಿ ಎಂದು ನಾನೇ ಬರೆಯಬೇಕೆಂದಿದ್ದೆ, ಅವರು ಮೊದಲು ಹೇಳಿಬಿಟ್ಟರು.