ತಾತ ಕೆಡವಿದ ರಾಶಿ

ತೂತ್ತುಕುಡಿ, ಮಂಗಳವಾರ

ಪೇಚ್ಚಿಯಮ್ಮಾಳ್ ಅತ್ತೆಗೆ ಕಲೈಸೆಲ್ವಿಯ ನಮಸ್ಕಾರ.

ನಾನು ಬಂದಿದ್ದ ಮದುವೆ ಚೆನ್ನಾಗಿ ಆಯಿತು, ಆದರೆ ಬರೆಯಲು ಕೂತದ್ದು ಅದಕ್ಕಲ್ಲ. ಇಂದು ಬಂದರಿನಲ್ಲಿ ಒಂದು ಹಳೆಯ ಉಗಿಹಡಗಿನೊಳಗೆ ಇಳಿದೆ. ಕಲ್ಲಿದ್ದಲು ಹೊತ್ತು, ಅದೇ ಕಲ್ಲಿದ್ದಲು ಉರಿಸಿಕೊಂಡು ಓಡಿದ ಹಡಗು. ಈಗ ಟಿಕೆಟ್ ಕೊಂಡು ನೋಡುತ್ತಾರೆ. ಒಳಗೆ ನಮ್ಮ ಕಣದಂಥ ಹತ್ತು ಕಣ ಹಿಡಿಸುತ್ತವೆ. ನಡುವೆ ತೋರಿಕೆಗೆ ಕಲ್ಲಿದ್ದಲು ಸುರಿದಿದ್ದಾರೆ. ರಾಶಿ ಕಂಡೊಡನೆ, ಕಣದಲ್ಲಿ ಮಾಡುವ ಹಾಗೆ, ಚಪ್ಪಲಿ ಬಿಟ್ಟೆ. ಕಾಲು ಇನ್ನೂ ಕಪ್ಪಗಿದೆ.

ಹಡಗು ತೋರಿಸುವ ಮುದುಕರು ಸಲಿಕೆ ಕೊಟ್ಟು, ಸಮ ಮಾಡಿ ನೋಡಿ ಎಂದರು. ನನ್ನ ಕೈ ಕೇಳಬೇಕಲ್ಲ! ಸುತ್ತಲಿನದನ್ನೆಲ್ಲ ಎಳೆದು, ಜೋಳದ ರಾಶಿಯ ಹಾಗೆ ಚೂಪಾಗಿ ಒಟ್ಟಿಬಿಟ್ಟೆ.

"ಅಯ್ಯಯ್ಯೋ ಅಮ್ಮಾ, ಕಪ್ಪಲ್ ಸಾಞ್ಜಿಡುಂ!" ಎಂದು ಕೂಗಿದರು. ರಾಶಿ ಜಾರಿದರೆ ಹಡಗೇ ವಾಲುತ್ತದಂತೆ. ಅದನ್ನು ಕೆಡವಿ ಸಮ ಮಾಡುವುದಕ್ಕೇ ಆಗ ಆಳುಗಳಿದ್ದರಂತೆ.

ನಿಮ್ಮಪ್ಪ, ನನ್ನ ತಾತ, ಹಡಗಿನಲ್ಲಿ ಆ ಕೆಲಸ ಮಾಡಿದ್ದೆ ಎಂದಾಗ ನಮ್ಮ ಕೊಂಬೈ ಊರಿಗೆ ಊರೇ ನಗಲಿಲ್ಲವೇ ಅತ್ತೆ? "ರಾಸಿ ಕೆಡವಾಕೆ ಎವನ್ಲಾ ಕೂಲಿ ಕೊಡ್ತಾನೆ?" ಎಂದರು. ಚಿಕ್ಕವಳಾದ ನಾನೂ ನಕ್ಕೆ. ಆಮೇಲೆ ತಾತ ಹಡಗಿನ ಮಾತೇ ಎತ್ತಲಿಲ್ಲ.

ಮಂಡಿನೋವು ಕಡಿಮೆ ಇದೆ. ಮುಂದಿನ ಗುರುವಾರ ಆಂಡಿಪಟ್ಟಿ ಬಸ್ಸಿಗೆ ಬರುತ್ತೇನೆ. ಮುದುಕರು ಕೊಟ್ಟ ಒಂದು ತುಂಡು ಕಲ್ಲಿದ್ದಲು ಸೆರಗಿನಲ್ಲಿದೆ. ಅದನ್ನು ತಾತನ ಪಟದ ಮುಂದೆ ಇಡುತ್ತೇನೆ. ಅಂದು ನಕ್ಕವರಲ್ಲಿ ಇನ್ನೂ ಯಾರು ಯಾರು ಬದುಕಿದ್ದಾರೋ, ಎಲ್ಲರನ್ನೂ ಕರೆದಿಡಿ.

ಕಲೈಸೆಲ್ವಿ